ವಾರಸುದಾರರಿಲ್ಲದ ಕಂಪ್ಯೂಟರ್

ನಲವತ್ತೆರಡು ಕಂಪ್ಯೂಟರುಗಳಿಗೆ ವಾರಸುದಾರರು ಸಿಕ್ಕಿದರು. ನಲವತ್ತಮೂರನೆಯದಕ್ಕೆ ಸಿಗಲಿಲ್ಲ. ಗಿಡುಡುವಿನ ಗ್ರಹಚಾರ ಕೆಟ್ಟದ್ದೇ ಅಲ್ಲಿಂದ.

ನಮ್ಮ ಎಂಬಾಲೆ ಊರಿನ ಕಾಫಿ ಬೆಳೆಗಾರರ ಸಂಘದಲ್ಲಿ ಹಳೆಯ ಯಂತ್ರಗಳನ್ನೆಲ್ಲ ತೆಗೆದು ಹೊಸ ವ್ಯವಸ್ಥೆ ತರುವ ಮೂರು ವರ್ಷದ ಯೋಜನೆ ಬರೆಯುವುದು ಅವನ ಕೆಲಸ. ಯಾವ ಕಂಪ್ಯೂಟರನ್ನು ಯಾರು, ಯಾತಕ್ಕೆ ಬಳಸುತ್ತಾರೆಂದು ಪಟ್ಟಿಯಾಗದೆ ಯೋಜನೆ ಮುಗಿಯದು. ಮೆಟ್ಟಿಲ ಕೆಳಗೆ ಹನ್ನೊಂದು ವರ್ಷದಿಂದ ಗುರ್ ಎನ್ನುತ್ತ ಕೂತಿದ್ದ ಬೂದು ಪೆಟ್ಟಿಗೆಯನ್ನು ತೋರಿಸಿ "ಇದು ಯಾರದು?" ಎಂದರೆ ಎಲ್ಲರೂ ಸೂರು ನೋಡುತ್ತಿದ್ದರು. ನಮ್ಮಲ್ಲಿ ಬಾಯಿಬಿಟ್ಟವನ ತಲೆಗೇ ಕೆಲಸ ಕಟ್ಟುವುದು ವಾಡಿಕೆ. ತೂಕದ ಮನೆಯ ವಾಮೊನೊ ಯಾವಾಗಲೋ ಒಮ್ಮೆ "ನಲ್ಲಿ ಸೋರ್ತಿದೆ" ಅಂದಿದ್ದ. ಇವತ್ತಿಗೂ ಸಂಘದ ಅಷ್ಟೂ ನಲ್ಲಿಗಳ ಉಸ್ತುವಾರಿ ಅವನದೇ.

ಇಂಥ ಅನಾಥ ಯಂತ್ರಗಳಿಗೆ ಈ ಕಸುಬಿನವರು ಕಂಡುಕೊಂಡ ಉಪಾಯವೊಂದಿದೆ. ಸುಮ್ಮನೆ ಆರಿಸಿಬಿಡುವುದು, ಯಾರು ಬೊಬ್ಬೆ ಹೊಡೆಯುತ್ತಾರೆಂದು ಕಾಯುವುದು.

ಅಧ್ಯಕ್ಷೆ ಖೈನ್ಜಾ ಮೇಡಂ ಯಾಕೋ ಸ್ವಲ್ಪ ತಡವರಿಸಿಯೇ ಒಪ್ಪಿದರು. "ಸಂಜೆ ನಾಲ್ಕರವರೆಗೂ ದೂರಿನ ಪುಸ್ತಕದಲ್ಲಿ ಒಂದಕ್ಷರ ಬೀಳ್ದಿದ್ರೆ ಯೋಜನೆಗೆ ಸಹಿ ಹಾಕ್ತೀನಪ್ಪ. ನಿನ್ನ ಕಂಪಾಲಾ ವರ್ಗಾವಣೆಗೂ."

ರಾಜಧಾನಿ ಕಂಪಾಲಾದಲ್ಲಿ ಅವನ ಹೆಂಡತಿ ಇದ್ದಳು, ಐದು ವರ್ಷದ ಮಗಳಿದ್ದಳು. ಅಪ್ಪನನ್ನು ಹೆಚ್ಚಾಗಿ ಫೋನಿನಲ್ಲೇ ಕಂಡ ಆ ಕೂಸು ಅವನನ್ನು ಕರೆಯುವುದೇ "ಫೋನಪ್ಪ" ಎಂದು. ಕೇಳಿದಾಗ ಗಿಡುಡು ನಗುತ್ತಾನೆ. ಫೋನಿಟ್ಟ ಮೇಲೆ ಅವನಿಗೆ ಅಳು ಬರುತ್ತದೆ.

ಒಂಬತ್ತಕ್ಕೆ ಪೆಟ್ಟಿಗೆ ಆರಿಸಿದ. ಯಾರೂ ಚಕಾರವೆತ್ತಲಿಲ್ಲ. ಹತ್ತೂವರೆಗೆ ಕಿಟಕಿಯಿಂದ ನೋಡುತ್ತಾನೆ, ತೂಕದ ಮನೆಯ ಮುಂದೆ ಕಾಫಿ ಹಣ್ಣಿನ ಚೀಲ ಹೊತ್ತವರ ಸಾಲು ಗೇಟು ದಾಟಿ ರಸ್ತೆಗೆ ಇಳಿದಿದೆ! ಪೆಟ್ಟಿಗೆ ಆರಿಸಿದ್ದಕ್ಕೇ ಹೀಗಾಯಿತು ಎಂದುಕೊಂಡ. ಓಡಿದ.

ಒಳಗೆ ವಾಮೊನೊ ಬೆವರು ಸುರಿಸುತ್ತ ತೂಕದ ಚೀಟಿಗಳನ್ನು ಕೈಯಲ್ಲಿ ಗೀಚುತ್ತಿದ್ದ. ಚೀಟಿ ಮುದ್ರಿಸುವ ಯಂತ್ರ ತಣ್ಣಗೆ ಕೂತಿತ್ತು.

"ಏನಾದ್ರೂ ತೊಂದರೆನಾ?"

"ತೊಂದರೆನಾ? ಯಾರ್ ಸಾರ್ ಹೇಳಿದ್ದು?" ವಾಮೊನೊ ಹೌಹಾರಿದ. "ಎಲ್ಲ ಸರಿಯಾಗಿದೆ. ಕೈಬರಹ ಚೆನ್ನಾಗಿರ್ಲಿ ಅಂತ ಅಭ್ಯಾಸ ಮಾಡ್ತಿದೀನಿ."

ಗಿಡುಡುವಿಗೆ ಸಮಾಧಾನವೂ ಆಯಿತು, ನಾಚಿಕೆಯೂ ಆಯಿತು. ಮಧ್ಯಾಹ್ನ ಶೇಂಗಾ ಹಾಕಿದ ಕಳಲೆ ಪಲ್ಯವನ್ನು ಅರ್ಧಕ್ಕೇ ಬಿಟ್ಟ. ಎದುರು ಕೂತ ಸಹೋದ್ಯೋಗಿಗಳು ಸಾಲಿನ ಕಡೆಗೆ ಬೆನ್ನು ಹಾಕಿ, ಮಳೆ ಬರಬಹುದೇ ಎಂದು ಭಾರೀ ಚರ್ಚೆ ನಡೆಸಿದ್ದರು.

ಮೂರೂವರೆಗೆ ಮತ್ತೆ ಅಂಗಳಕ್ಕೆ ಹೋದ. ನಂಬೊಜೊ ಎಂಬ ಮುದುಕಿ ಬೆಟ್ಟದಿಂದ ಹೊತ್ತು ತಂದ ಚೀಲಕ್ಕೆ ತನ್ನ ಮೇಲುಹೊದಿಕೆಯನ್ನೇ ಹೊದಿಸಿ, ತಾನು ಬಿಸಿಲಲ್ಲಿ ಕೂತಿದ್ದಳು.

"ಅಜ್ಜಿ, ನೆರಳಿಗೆ ಬಾ."

"ನಂಗೇನಾಗತ್ತೋ ಮಗಾ? ಹಣ್ಣು ಹುಳಿ ಬರತ್ತೆ. ಬಂದ್ರೆ ಇವರು ತಗಳಲ್ಲ. ವರ್ಷದ ಬೆಳೆ ಇಷ್ಟೇ ಇರೋದು."

ಗಿಡುಡುವಿಗೆ ಮಗಳ ಮುಖ ನೆನಪಾಯಿತು, ಆದರೂ ತಡೆಯಲಾಗಲಿಲ್ಲ. ನೆಟ್ಟಗೆ ಹೋಗಿ ದೂರಿನ ಪುಸ್ತಕದಲ್ಲಿ ತಾನೇ ಬರೆದ: "ಮೆಟ್ಟಿಲ ಕೆಳಗಿನ ಕಂಪ್ಯೂಟರ್ ಇಲ್ಲದೆ ತೂಕದ ಕೆಲಸ ನಡೆಯದು. ಅದು ಅತ್ಯಗತ್ಯ. ಇತಿ, ಗಿಡುಡು." ಸಹಿ ಹಾಕಿ ಪೆಟ್ಟಿಗೆ ಚಾಲೂ ಮಾಡಿದ. ಗುರ್ ಎಂದಿತು.

ಸಾಲು ಅಲ್ಲಾಡಲಿಲ್ಲ.

ತೂಕದ ಮನೆಗೆ ನುಗ್ಗಿ ಚೀಟಿ ಯಂತ್ರದ ಹಿಂದೆ ಬಗ್ಗಿ ನೋಡಿದರೆ, ಅದರ ಪ್ಲಗ್ಗನ್ನು ಕಿತ್ತು ಯಾರೋ ಫೋನ್ ಚಾರ್ಜಿಗೆ ಹಾಕಿದ್ದಾರೆ!

"ಎಷ್ಟೊತ್ತಿಂದ ಹೀಗಿದೆಯೋ ಇದು?"

"ಎಂಟರಿಂದ ಸಾರ್. ಕಾವಲುಗಾರನ ಫೋನು."

ಎಂಟು! ಪೆಟ್ಟಿಗೆ ಆರಿಸಿದ್ದು ಒಂಬತ್ತಕ್ಕೆ.

"ಗೊತ್ತಿದ್ದೂ ಸುಮ್ನಿದ್ಯಾ?"

"ಹೇಳಿದ್ರೆ ನಾಳೆಯಿಂದ ಸಂಘದ ಪ್ಲಗ್ಗೆಲ್ಲ ನನ್ನವೇ. ನಲ್ಲಿಗಳೇ ಸಾಕಾಗಿದೆ ಸಾರ್."

ಗಿಡುಡು ಪ್ಲಗ್ ಚುಚ್ಚಿದ. ಚೀಟಿಗಳು ಪಟಪಟ ಹೊರಬಿದ್ದವು, ಸಾಲು ಹರಿಯಿತು, ನಂಬೊಜೊ ಅಜ್ಜಿಯ ಹಣ್ಣು ಒಳಗೆ ಹೋಯಿತು. ಅದನ್ನು ಕಣ್ಣಾರೆ ನೋಡಿಯೇ ಅವನು ದೂರಿನ ಪುಸ್ತಕದತ್ತ ಓಡಿದ್ದು. ಪುಸ್ತಕ ಅಲ್ಲಿರಲಿಲ್ಲ. ನಾಲ್ಕು ಹೊಡೆದಿತ್ತು, ಅದು ಖೈನ್ಜಾ ಮೇಡಂ ಮೇಜಿನ ಮೇಲಿತ್ತು.

"ಮೇಡಂ, ಅದು ತಪ್ಪಾಗಿ ಬರೆದಿದ್ದು. ಆ ಪೆಟ್ಟಿಗೆ ಯಾವ ಕೆಲಸಕ್ಕೂ ಬರಲ್ಲ. ಪ್ರಮಾಣ ಮಾಡಿ ಹೇಳ್ತೀನಿ!"

ಮೇಡಂ ಎದ್ದುಹೋಗಿ ಬಾಗಿಲು ಮುಚ್ಚಿ ಬಂದರು.

"ಗೊತ್ತಪ್ಪ. ತರಿಸಿದ್ದು ನಾನೇ. ತಂದ ದಿನದಿಂದ ಒಂದು ಕೆಲಸಕ್ಕೂ ಬಂದಿಲ್ಲ. ಯಾರಾದ್ರೂ ಯಾತಕ್ಕೆ ತಂದೆ ಅಂತ ಕೇಳಿಬಿಟ್ರೆ ಅಂತ ಹನ್ನೊಂದು ವರ್ಷ ನಿದ್ದೆಗೆಟ್ಟಿದೀನಿ." ಅವರು ಪುಸ್ತಕವನ್ನು ಎದೆಗವಚಿಕೊಂಡರು. "ತಿಳಿದವನೊಬ್ಬ ಅತ್ಯಗತ್ಯ ಅಂತ ಬರೆದುಕೊಟ್ಟದ್ದು ಇವತ್ತೇ ನೋಡು. ನಿನ್ನನ್ನ ಕಂಪಾಲಾಕ್ಕೆ ಕಳಿಸಿದ್ರೆ ಅದನ್ನ ನೋಡಿಕೊಳ್ಳೋರು ಯಾರು? ಕೂತ್ಕೋ, ಚಹಾ ತರಿಸ್ತೀನಿ."