ಅರ ಹಿಡಿದ ತಿರುಮಣಿಯವರು

ಫಿಟ್ಟರ್ ಮೇಷ್ಟ್ರಿಗೆ ನಗು ಬರೋ ಹೊತ್ತಿಗೆ ಸುಸ್ತೂ ಬಂದಿರುತ್ತೆ. ಮಧುಗಿರಿಯ ಪುಟ್ಟ ತರಬೇತಿ ಶಾಲೆಯೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ಕಬ್ಬಿಣ ಉಜ್ಜಿಸ್ತಾ ಇದೀನಿ. ವರ್ಷಕ್ಕೆ ಒಬ್ಬರಾದರೂ ನನ್ನ ತಾಳ್ಮೆ ನೋಡೋಕೇ ಅಂತ ಸೇರ್ತಾರೆ. ಈ ಸಲ ಬಂದವರು ತಿರುಮಣಿ ಅನ್ನೋ ಊರಿನ ರೈತರೊಬ್ಬರು, ವಯಸ್ಸು ನಲವತ್ತೆರಡು. ಹೊಲವನ್ನೆಲ್ಲ ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟು ಜಗಲಿ ಮೇಲೆ ಕೂತಿದ್ದರಂತೆ. "ಸರ್ಟಿಫಿಕೇಟ್ ತಂದ್ರೆ ಅಲ್ಲೇ ಫಿಟ್ಟರ್ ಕೆಲಸ ಕೊಡ್ತಾರಂತೆ. ಫೇಲಾದ್ರೆ ಮನೆಗೆ ಬರಬ್ಯಾಡ" ಅಂತ ಹೆಂಡತಿ ಬಸ್ಸು ಹತ್ತಿಸಿದ್ದರು. ನಾನು ಏನು ಹೇಳಿದರೂ ಗಡಿ ಕಡೆಯ ತೆಲುಗಿನಲ್ಲಿ "ಸರೇ ಸಾರ್" ಅನ್ನೋರು.

೧. ಚೌಕ

ಎಲ್ಲರಿಗೂ ಮೊದಲ ಪಾಠ ಒಂದೇ. ಅಂಗೈಯಗಲದ ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಚೌಕ ಮಾಡೋದು. ಮೂಲೆಮಟ್ಟ ಇಟ್ಟರೆ ನಾಲ್ಕೂ ಮೂಲೆ ಸರಿ ಕೂರಬೇಕು. ಇವರು ಈ ಮೂಲೆ ಸರಿ ಮಾಡೋಕೆ ಹೋದರೆ ಆ ಮೂಲೆ ಕೆಡೋದು, ಅದನ್ನ ಉಜ್ಜಿದರೆ ಇದು. ಸೋಮವಾರ ಶುರು ಮಾಡಿದವರು ಶನಿವಾರ ತಂದು ತೋರಿಸಿದರು. ತುಂಡು ಬೆಂಕಿಪೊಟ್ಟಣದಷ್ಟಾಗಿತ್ತು.

"ನಾಲ್ಕು ಮೂಲೆನೂ ಸರಿ ಬಂದೈತೆ ಸಾರ್."

"ಅಯ್ಯೋ ನನ್ನ ಕರ್ಮವೇ! ಮಿಕ್ಕ ಕಬ್ಬಿಣ ಎಲ್ರೀ?"

"ಎಲ್ಲೂ ಹೋಗಿಲ್ಲ ಸಾರ್. ಗುಡಿಸಿ ಪೇಪರ್‌ನಾಗೆ ಕಟ್ಟಿಟ್ಟಿದೀನಿ."

೨. ಲೇತು

ನಮ್ಮಲ್ಲಿರೋದು ಬೆಲ್ಟಿನ ಹಳೇ ಲೇತು. ಒಂದು ಮಟಮಟ ಮಧ್ಯಾಹ್ನ ಊಟ ಮುಗಿಸಿ ಬಂದರೆ ಬೆಲ್ಟು ಗೋಡೆಯ ಮೊಳೆಗೆ ನೇತಾಡ್ತಿದೆ. ಕಿತ್ತೇ ಹೋಯ್ತೇನೋ ಅಂದ್ಕೊಂಡೆ.

"ನಾನೇ ಬಿಚ್ಚಿದೆ ಸಾರ್," ಅಂದರು ಇವರು. "ಬೆಳಗ್ಗಿಂದ ದುಡೀತೈತೆ, ಮುಟ್ಟಿದ್ರೆ ಸುಡ್ತೈತೆ. ಈ ಬಿಸ್ಲಾಗೆ ಎತ್ತಿಗಾದ್ರೂ ನೊಗ ಬಿಚ್ಚಾಕಿಲ್ವಾ?"

ಆ ಬೆಲ್ಟು ಮತ್ತೆ ಏರಿಸೋಕೆ ಇಬ್ಬರಿಗೆ ಒಂದು ಗಂಟೆ ಹಿಡೀತು. ಇಪ್ಪತ್ತೆಂಟು ವರ್ಷ ದುಡಿದ ನನ್ನನ್ನ ಮಾತ್ರ ಸುಡ್ತೈತಾ ಅಂತ ಮುಟ್ಟಿ ನೋಡಿದವರು ಒಬ್ಬರೂ ಇಲ್ಲ.

೩. ಪರೀಕ್ಷೆ

ಪರೀಕ್ಷೆಗೆ ಎರಡು ತುಂಡು. ಒಂದರ ಹಲ್ಲು ಇನ್ನೊಂದರ ಕಚ್ಚಿನೊಳಗೆ ಕೂರಬೇಕು. ಕಿಟಕಿಗೆ ಹಿಡಿದರೆ ಸಂದಿಯಲ್ಲಿ ಬೆಳಕು ಕಾಣಬಾರದು, ಕಂಡರೆ ಫೇಲು. ಇವರದನ್ನ ಹಿಡಿದು ನೋಡಿದೆ, ಮಧುಗಿರಿ ಬೆಟ್ಟವೇ ಕಾಣಿಸ್ತು! ಸೋಲಾರ್ ಪಾರ್ಕಿನ ಕೆಲಸ ಇವರ ಕೈಬಿಟ್ಟು ಹೋಯ್ತಲ್ಲಪ್ಪಾ ಅಂತ ನಂಗೇ ಸಂಕಟ ಆಯ್ತು.

ಬೇರೆ ಊರಿಂದ ಬಂದಿದ್ದ ಪರೀಕ್ಷಕರು ಇವರ ಮೇಜಿಗೆ ಬರೋ ಹೊತ್ತಿಗೆ ಆ ಜೋಡಿಗೆ ದಪ್ಪಗೆ ಅರಿಶಿನ ಕುಂಕುಮ ಮೆತ್ತಿತ್ತು. ಮೇಲೊಂದು ಕಣಗಿಲೆ ಹೂವು ಬೇರೆ.

"ಏನ್ರೀ ಇದು?"

"ಮೊದಲ್ನೇ ಕೆಲ್ಸ ಸ್ವಾಮಿ. ಪೂಜೆ ಮಾಡ್ದೆ ಯಾರ ಕೈಗೂ ಕೊಡಾಕಿಲ್ಲ."

ಪರೀಕ್ಷಕರು ಕಿಟಕಿಗೆ ಹಿಡಿದರು. ಒಂದೆಳೆ ಬೆಳಕಿಲ್ಲ. ಒರೆಸೋಕೆ ಕರ್ಚೀಫು ತೆಗೆದರು.

"ಒರೆಸಿ ಸ್ವಾಮಿ, ನಂಗಂತೂ ಕೈ ಬರಾಕಿಲ್ಲ," ಅಂತ ಇವರು ಕೈ ಮುಗಿದು ನಿಂತುಬಿಟ್ಟರು.

ಪರೀಕ್ಷಕರು ನನ್ನ ಮುಖ ನೋಡಿದರು. ನಾನು ಫ್ಯಾನು ನೋಡಿದೆ. ಕರ್ಚೀಫು ಜೇಬಿಗೆ ಹೋಯ್ತು. ತುಂಡನ್ನ ಕಣ್ಣಿಗೊತ್ತಿಕೊಂಡು ಪಾಸ್ ಅಂತ ಬರೆದರು.

ಸಂಜೆ ಪರೀಕ್ಷಕರನ್ನ ಬಸ್ ಸ್ಟ್ಯಾಂಡಿಗೆ ಬಿಡೋಕೆ ಹೋದಾಗ ತಡೆಯಲಾರದೆ ಕೇಳಿದೆ: "ಸಾರ್, ಕುಂಕುಮದ ಕೆಳಗೆ ಸಂದಿ ಇದ್ದಿದ್ದು ನಿಮಗೆ ಗೊತ್ತಾಗಲಿಲ್ವಾ?"

"ಗೊತ್ತಾಗದೇ ಏನ್ರೀ? ನಾನು ಪಾಸಾಗಿದ್ದು ವಿಭೂತೀಲಿ. ನಿಮ್ಮೋರಿಗೆ ಹೇಳಿ, ಕುಂಕುಮ ಉದುರುತ್ತೆ, ವಿಭೂತಿ ಗಟ್ಟಿಯಾಗಿ ಕೂರುತ್ತೆ."