ಬಿಸಿಲಿಗಿಟ್ಟ ಹಾಡು

ನೆರಳಿನಲ್ಲಿ ಯಾವುದಾದರೂ ವಸ್ತು ಒಣಗೀತು ಎಂಬುದನ್ನು ಪ್ರೇಮವ್ವ ಈ ಜನ್ಮದಲ್ಲಿ ನಂಬುವವಳಲ್ಲ. ಗದಗಿನಲ್ಲಿ ಹುಟ್ಟಿ ಬೆಳೆದವಳಿಗೆ ಒಣಗಿಸುವುದೆಂದರೆ ಬಿಸಿಲು, ಬಿಸಿಲೆಂದರೆ ಒಣಗಿಸುವುದು. 1982ರ ಮೇ ತಿಂಗಳ ಆ ಭಾನುವಾರ ಬೆಳಿಗ್ಗೆ ಅವಳು ಲಾಸ್ ಏಂಜಲೀಸಿನ ಹತ್ತಿರದ ವೆಸ್ಟ್ ಕೊವಿನಾದ ತನ್ನ ಮನೆಯ ಹಿತ್ತಲಲ್ಲಿ ಹಳೆಯ ಸೀರೆ ಹಾಸಿಕೊಂಡು ಅಕ್ಕಿ ಸಂಡಿಗೆ ಇಡುತ್ತಿದ್ದಳು. ಗ್ಯಾರೇಜಿನ ನೆರಳಲ್ಲಿ, ಬಿಳಿಯ ಟವೆಲ್ಲಿನ ಮೇಲೆ, ಪುಟ್ಟದೊಂದು ಕರಿಯ ಪ್ಲೇಟು ಒದ್ದೆಯಾಗಿ ಮಲಗಿದ್ದು ಕಣ್ಣಿಗೆ ಬಿತ್ತು. ಪಾಪ, ಅದು ಅಲ್ಲಿ ಯಾವಾಗ ಒಣಗಬೇಕು ಎಂದು ಮರುಗಿ, ಎತ್ತಿ ತಂದು ಸಂಡಿಗೆಯ ಸಾಲಿನ ಕೊನೆಗೆ ಇಟ್ಟಳು.

ಅವಳ ಗಂಡ ನೀಲಕಂಠಪ್ಪ ಸ್ನಾನ, ಪೂಜೆ, ರೊಟ್ಟಿ ಎಲ್ಲ ಮುಗಿಸಿ ಹಿತ್ತಲಿಗೆ ಬರುವಷ್ಟರಲ್ಲಿ ಒಂದೂವರೆ ತಾಸು ಕಳೆದಿತ್ತು.

"ಪ್ರೇಮಾ, ಇಲ್ಲಿ ಟವೆಲ್ ಮ್ಯಾಲೆ ಒಂದು ರೆಕಾರ್ಡ್ ಇತ್ತಲ್ಲ?"

"ಬಿಸಿಲಿಗಿಟ್ಟೇನ್ರಿ. ಇವತ್ತು ಮಧ್ಯಾಹ್ನ ಒಯ್ಯಬೇಕು ಅಂದಿದ್ರಲ್ಲ, ಹಸೀದನ್ನ ಹೆಂಗ ಒಯ್ತೀರಿ?"

ನೀಲಕಂಠಪ್ಪ ಸೀರೆಯ ಕಡೆ ನೋಡಿದ. ಸಂಡಿಗೆಗಳೆಲ್ಲ ಇನ್ನೂ ಹಸಿಯಾಗಿದ್ದವು. ರೆಕಾರ್ಡು ಮಾತ್ರ ಚೆನ್ನಾಗಿ ಒಣಗಿ, ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಅಂಚು ಎತ್ತಿಕೊಂಡು ನಿಂತಿತ್ತು. ಅವನು ಅಲ್ಲೇ ಹುಲ್ಲಿನ ಮೇಲೆ ಕುಳಿತುಬಿಟ್ಟ.

ಈ ಮನುಷ್ಯನಿಗೂ ರೆಕಾರ್ಡಿಗೂ ಏನು ನಂಟು ಎಂದು ಕೇಳಿದರೆ, ಹದಿನಾರು ವರ್ಷ ಹಿಂದೆ ಹೋಗಬೇಕು. ಓದಲು ಬಂದಾಗ ನೀಲಕಂಠಪ್ಪನಿಗೆ ಸಿಕ್ಕಿದ್ದು ಲಾಸ್ ಏಂಜಲೀಸಿನ ಒಂದು ಕ್ಷೌರದಂಗಡಿಯ ಮೇಲಿನ ಕೋಣೆ. ಕೆಳಗಿನ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಪ್ಪು ಜನರ ಕುಣಿತದ ಹಾಡು, ಸೋಲ್ ಸಂಗೀತ. ಮೊದಲ ತಿಂಗಳು ಕಿವಿಗೆ ಹತ್ತಿ ತುರುಕಿಕೊಂಡ. ಎರಡನೆಯ ತಿಂಗಳು ಹತ್ತಿ ತೆಗೆದ. ಮೂರನೆಯ ತಿಂಗಳು, ತಲೆಗೂದಲು ಬೆಳೆಯದಿದ್ದರೂ ಅಂಗಡಿಗೆ ಇಳಿದು ಹೋಗಿ ಕೂರತೊಡಗಿದ. ಕುಣಿಯಲು ಅವನಿಗೆ ಇವತ್ತಿಗೂ ಬಾರದು; ಕಾಲು ಗದಗಿನವು, ಕಿವಿ ಮಾತ್ರ ಇಲ್ಲಿಯವು.

ಈಗ ಅವನು ಸ್ಯಾನ್ ಪೀಡ್ರೊ ಬಂದರಿನ ಆಫೀಸಿನಲ್ಲಿ ಎಂಜಿನಿಯರ್. ಅಲ್ಲಿಯ ಹಿರಿಯ ಗುಮಾಸ್ತೆ ಲೊರೇನ್ ಎಂಬ ಹೆಂಗಸು ಪ್ರತಿ ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ ಬಂದರಿನ ಹತ್ತಿರ ಬಾಡಿಗೆಗೆ ಹಿಡಿದ ಒಂದು ದೊಡ್ಡ ಹಾಲಿನಲ್ಲಿ ಸೋಲ್ ಡಾನ್ಸ್ ನಡೆಸುತ್ತಾಳೆ. ಆರು ತಿಂಗಳ ಹಿಂದೆ ಅವನು ಮೊದಲ ಸಲ ಅಲ್ಲಿಗೆ ಹೋದಾಗ, ಹಳೆಯ ರೆಕಾರ್ಡುಗಳೆಲ್ಲ ಕರಕರ ಎನ್ನುತ್ತವೆ ಎಂದು ಅವಳು ಗೋಳಾಡಿದ್ದಳು. ನೀಲಕಂಠಪ್ಪನ ತಾಯಿ ರೇಷ್ಮೆ ಸೀರೆಗಳನ್ನು ಅಂಟುವಾಳಕಾಯಿಯ ನೊರೆಯಲ್ಲಿ ತೊಳೆಯುತ್ತಿದ್ದರು. ರೇಷ್ಮೆಗೆ ಆಗುವುದು ರೆಕಾರ್ಡಿಗೆ ಯಾಕಾಗಬಾರದು ಎಂದು ಅವನು ಒಂದನ್ನು ತೊಳೆದು ನೋಡಿದ. ಕರಕರ ಹೋಯಿತು. ಅಂದಿನಿಂದ ಆ ಹಾಲಿನಲ್ಲಿ ಅವನು ರೆಕಾರ್ಡ್ ಡಾಕ್ಟರ್.

ಈ ವಾರ ಲೊರೇನ್ ಕೊಟ್ಟದ್ದು ಅಂತಿಂಥ ರೆಕಾರ್ಡಲ್ಲ. ಪ್ರತಿ ಡಾನ್ಸಿನ ಕೊನೆಯ ಹಾಡು, ಅವಳು ಮತ್ತು ಅವಳ ಗಂಡ ಎಲ್ವುಡ್ ಜೊತೆಯಾಗಿ ಕುಣಿಯುತ್ತಿದ್ದ ಹಾಡು. ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ ಎಲ್ವುಡ್ ತೀರಿಕೊಂಡು ಎರಡು ವರ್ಷ. ಮೊದಲ ವರ್ಷ ಲೊರೇನ್ ಆ ಹಾಡಿಗೆ ಒಬ್ಬಳೇ ಕುಣಿದಳು. ಈಚೆಗೆ ಅದೂ ನಿಂತು, ಹಾಡು ಮುಗಿಯುವವರೆಗೆ ಕುರ್ಚಿಯಲ್ಲಿ ಸುಮ್ಮನೆ ಕೂರುತ್ತಿದ್ದಳು. ಮೊಣಕಾಲು ನೋವು ಎಂದು ಜನ ತಿಳಿದಿದ್ದರು. "ನನ್ನ ಹತ್ರ ಇರೋದು ಇದೊಂದೇ, ನೀಲ್," ಎಂದು ಹೇಳಿಯೇ ಅವಳು ಕೊಟ್ಟಿದ್ದಳು. ಹಾಗೆ ನಂಬಿ ಕೊಟ್ಟದ್ದು ಈಗ ಸಂಡಿಗೆಯ ಪಕ್ಕದಲ್ಲಿ ಡೊಂಕಾಗಿ ಕುಳಿತಿತ್ತು. ಈ ಮುಖ ಹೊತ್ತುಕೊಂಡು ಅವಳೆದುರು ಹೋಗುವುದು ಹೇಗೆಂದು ನೀಲಕಂಠಪ್ಪ ಹುಲ್ಲು ಕೀಳುತ್ತ ಕುಳಿತ.

"ಏನ್ರೀ ನೀಲಕಂಠಪ್ಪನೋರೇ, ಹುಲ್ಲಿನ ಮೇಲೆ ಕೂತ್ಬಿಟ್ಟಿದೀರಿ?"

ಬೇಲಿಯ ಮೇಲಿಂದ ಇಣುಕಿದವರು ಪಕ್ಕದ ಮನೆಯ ಡಾಕ್ಟರ್ ವರದರಾಜ. ಮೈಸೂರಿನವರು, ಮೂಳೆ ಡಾಕ್ಟರು, ಭಾನುವಾರ ಕೈಯಲ್ಲಿ ಕೆಲಸವಿಲ್ಲದಿದ್ದರೆ ಕೈ ಕಡಿಯುವ ಜಾತಿ. ವಿಷಯ ಕೇಳಿ ಬೇಲಿಯ ಬಾಗಿಲು ತೆಗೆದು ಒಳಗೇ ಬಂದರು. ರೆಕಾರ್ಡನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಫ್ರ್ಯಾಕ್ಚರ್ ಇಲ್ಲ. ಬರೀ ಬೆಂಡು. ಬಿಸಿ ಕೊಟ್ಟು ಪ್ರೆಸ್ ಮಾಡಿದ್ರೆ ಸರಿಹೋಗುತ್ತೆ. ಓವನ್ ಹಾಕಿ."

"ಡಾಕ್ಟ್ರೇ, ಅದು ಮೇಣದಂಥದ್ದು, ಕರಗೀತು."

"ಮೂವತ್ತು ವರ್ಷದಿಂದ ಬಗ್ಗಿದ್ದನ್ನ ನೆಟ್ಟಗೆ ಮಾಡ್ತಿದೀನಿ ಕಣ್ರೀ. ನನಗೆ ಹೇಳ್ಕೊಡ್ತೀರಾ?"

ಫೋಟೋ ಫ್ರೇಮುಗಳಿಂದ ಎರಡು ಗಾಜು ಬಿಚ್ಚಿ, ನಡುವೆ ರೆಕಾರ್ಡ್ ಇಟ್ಟು, ಮೇಲೆ ಪ್ರೇಮವ್ವನ ರುಬ್ಬುಗುಂಡು ಹೇರಿ ಓವನ್ನಿಗೆ ಸೇರಿಸಿದ್ದಾಯಿತು. ಡಾಕ್ಟರು ಗಡಿಯಾರ ನೋಡುತ್ತ ನಿಂತರು. ಪ್ರೇಮವ್ವ, "ಗುಂಡು ಬಿಸಿ ಆದ್ರ ನಾಳಿ ಹಿಟ್ಟು ಹುಳಿ ಬರ್ತೈತಿ," ಎಂದು ತನ್ನ ಚಿಂತೆ ತಾನು ಮಾಡಿದಳು. ಗುಂಡು ತೆಗೆದು ನೋಡಿದರೆ, ರೆಕಾರ್ಡಿನ ಅಂಚು ಕೆಳಗಿಳಿದಿತ್ತು ನಿಜ. ಆದರೆ ಇಳಿದದ್ದು ಎಲ್ಲಿಗೂ ಹೋಗಿರಲಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಣ್ಣ ಅಲೆಯಾಗಿ ಹರಿದಿತ್ತು.

"ಎಂಬತ್ತು ಪರ್ಸೆಂಟ್ ರಿಕವರಿ," ಎಂದರು ಡಾಕ್ಟರು. "ಪೇಷಂಟ್ ಜೊತೆ ನಾನೂ ಬರ್ತೀನಿ. ಇಂಥ ಟೈಮಲ್ಲಿ ಬಿಟ್ಟು ಹೋಗ್ಬಾರದು."

"ತಪ್ಪು ನಂದು, ನಾನೂ ಬಂದು ಆಕಿ ಕೈ ಹಿಡಕೊಂಡು ಕೇಳಿಕೊಳ್ತೀನಿ," ಎಂದಳು ಪ್ರೇಮವ್ವ.

ಹೀಗೆ ಮೂವರೂ ಹೊರಟರು. ದಾರಿಯುದ್ದಕ್ಕೂ ನೀಲಕಂಠಪ್ಪ ಡ್ರೈವ್ ಮಾಡುತ್ತ, ಹೇಳಬೇಕಾದ ಮಾತನ್ನು ಇಂಗ್ಲಿಷಿನಲ್ಲಿ ಹತ್ತು ಥರ ಜೋಡಿಸಿಕೊಂಡ. ಹತ್ತರಲ್ಲಿ ಒಂದೂ ಬಾಯಿಗೆ ಬರುವ ಹಾಗಿರಲಿಲ್ಲ. ಆಕಾಶದಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ. ಬೆಳಿಗ್ಗೆ ಒಂದು ತಾಸು ಮೋಡ ಕವಿದಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಅವನು ಸೂರ್ಯನನ್ನು ಮನಸ್ಸಿನಲ್ಲೇ ಬೈದ.

ಡಾನ್ಸ್ ಹಾಲಿಗೆ ಕಾಲಿಟ್ಟರೆ ಅಲ್ಲಿ ಬೇರೆಯೇ ರಗಳೆ. ಆ ಡಾನ್ಸಿನಲ್ಲಿ ಕೆಲವು ತಿಂಗಳಿಂದ ಎರಡು ಪಂಗಡ. ಎಡಗಡೆಯ ಗೋಡೆಗೆ ಹಿರಿಯರು. ಹೊಳೆಯುವ ಶೂ, ಬೆವರೊರೆಸಲು ಇಸ್ತ್ರಿ ಮಾಡಿದ ಕರವಸ್ತ್ರ, ಅರವತ್ತೆಂಟನೇ ಇಸವಿಯ ನಂತರದ ಹಾಡು ಬಂದರೆ ಕುರ್ಚಿ ಹುಡುಕುವವರು. ಬಲಗಡೆಯ ಗೋಡೆಗೆ ಹೊಸಬರು. ಮೆಷಿನ್ನಿನಲ್ಲಿ ಡ್ರಮ್ ಬಾರಿಸಿದ ದೊಡ್ಡ ಗಾತ್ರದ ರೆಕಾರ್ಡುಗಳನ್ನು ಕಂಕುಳಲ್ಲಿ ಹಿಡಿದು ಬರುವವರು. ಮೂರು ಹಳೆಯದು, ಒಂದು ಹೊಸದು ಎಂಬುದು ಲೊರೇನ್ ಹಾಕಿಕೊಟ್ಟ ನಿಯಮ. ಅದರಿಂದ ಇಬ್ಬರಿಗೂ ಸಮಾಧಾನವಿರಲಿಲ್ಲ.

"ಇನ್ಮೇಲೆ ಅರ್ಧಕ್ಕರ್ಧ," ಎನ್ನುತ್ತಿದ್ದ ಹೊಸಬರ ಮುಂದಾಳು ಡ್ವೇನ್. ಲೊರೇನಳ ಅಣ್ಣನ ಮಗ, ಬಂದರಿನಲ್ಲೇ ಟ್ರಕ್ ಓಡಿಸುವವನು. "ಇಲ್ಲಾಂದ್ರೆ ಮುಂದಿನ ತಿಂಗಳಿಂದ ನಮ್ಮ ಡಾನ್ಸ್ ಬೇರೆ ಹಾಲ್‌ನಲ್ಲಿ. ಇಲ್ಲಿ ಡಾನ್ಸ್ ಎಲ್ಲಿದೆ ಅತ್ತೆ? ಎಲ್ಲ ಹಳೇದನ್ನ ನೆನೆಸ್ಕೊಂಡು ಕೂತಿರ್ತಾರೆ."

"ಬಾಗಿಲು ತೆಗೆದೇ ಇದೆ," ಎಂದರು ಹಿರಿಯರು.

ಲೊರೇನ್ ಇಬ್ಬರ ಮುಖವನ್ನೂ ನೋಡಿದಳು. ಅವಳು ಬಹಳ ದಣಿದಂತೆ ಕಂಡಳು. "ಇವತ್ತು ಕೊನೇ ಹಾಡು ಆಗಲಿ, ಆಮೇಲೆ ಹೇಳ್ತೀನಿ. ಬಹುಶಃ ನಾನೂ ನಿಲ್ಲಿಸಿಬಿಡ್ತೀನೇನೋ," ಎಂದಳು. ಹನ್ನೆರಡು ವರ್ಷದ ಡಾನ್ಸು ತನ್ನ ಹಿತ್ತಲ ಬಿಸಿಲಿನಿಂದ ಮುಳುಗುತ್ತದಲ್ಲ ಎಂದು ನೀಲಕಂಠಪ್ಪನಿಗೆ ನಾಚಿಕೆಯಾಯಿತು.

ಎರಡು ಗಂಟೆಯ ಹೊತ್ತಿನಲ್ಲಿ ಅವನು ಏಳು ಸಲ ಅವಳ ಹತ್ತಿರ ಹೋದ. ಒಂದು ಸಲ ನೀರು ಬೇಕಾ ಎಂದ, ಇನ್ನೊಂದು ಸಲ ಸೆಕೆ ಅಲ್ಲವಾ ಎಂದ, ಉಳಿದ ಐದು ಸಲ ತಲೆ ಕೆರೆದುಕೊಂಡು ಹಿಂದಿರುಗಿದ. ಪ್ರೇಮವ್ವ ದೂರದಿಂದಲೇ ಹೇಳ್ರಿ, ಹೇಳ್ರಿ ಎಂದು ಕೈಸನ್ನೆ ಮಾಡುತ್ತಿದ್ದಳು. ಎಂಟನೆಯ ಸಲ ಅವನು ಬಾಯಿ ತೆರೆಯುವಷ್ಟರಲ್ಲಿ ಲೊರೇನ್ ಮೈಕಿನಲ್ಲಿ, "ಕೊನೇ ಹಾಡು. ನೀಲ್, ಹಾಕಪ್ಪ," ಎಂದುಬಿಟ್ಟಳು.

ಅವನು ರೆಕಾರ್ಡನ್ನು ತಟ್ಟೆಯ ಮೇಲಿಟ್ಟು ಸೂಜಿ ಇಳಿಸಿದ. ಸೂಜಿ ಅಲೆಯ ಮೇಲೆ ಏರಿತು, ಇಳಿಯುವಾಗ ಹಾರಿತು.

"ಭಾರ ಹಾಕ್ರೀ, ಟ್ರ್ಯಾಕ್ಷನ್ ಬೇಕು," ಎಂದು ಹಿಂದಿನಿಂದ ಡಾಕ್ಟರು ಪಿಸುಗುಟ್ಟಿ, ಜೇಬಿನಲ್ಲಿ ಯಾವಾಗಲೋ ಉಳಿದಿದ್ದ ಹತ್ತು ಪೈಸೆಯ ನಾಣ್ಯವನ್ನು ತೆಗೆದು ಸೂಜಿಯ ತಲೆಗೆ ಬ್ಯಾಂಡೇಜು ಪಟ್ಟಿಯಿಂದ ಅಂಟಿಸಿದರು. ಪಟ್ಟಿ ಅವರ ಜೇಬಿನಲ್ಲಿ ಸದಾ ಇರುವಂಥದ್ದು. ಈ ಸಲ ಸೂಜಿ ಹಾರಲಿಲ್ಲ.

ಹಾಡು ಶುರುವಾಯಿತು. ಶುರುವಾದದ್ದು ಹಾಡೋ ಇನ್ನೇನೋ ಹೇಳುವುದು ಕಷ್ಟ. ಹಾಡುಗಾರನ ದನಿ ಎರಡು ಹೆಜ್ಜೆ ನೆಟ್ಟಗೆ ನಡೆದು, ಕಾಲು ಜಾರಿದವನಂತೆ ಕುಸಿದು, ಮತ್ತೆ ಎದ್ದು ನಿಲ್ಲುತ್ತಿತ್ತು. ತಬ್ಬಿಬ್ಬಾದ ಡ್ರಮ್ಮು ಅವನ ಹಿಂದೆಯೇ ಇಳಿದು ಏರುತ್ತಿತ್ತು. ನೀಲಕಂಠಪ್ಪ ಕಣ್ಣು ಮುಚ್ಚಿಕೊಂಡ.

"ಏ, ಇದ್ಯಾವುದು ಹೊಸ ಮಿಕ್ಸು?" ಡ್ವೇನನ ದನಿ. "ಆ ಡ್ರಮ್ ಬೀಳೋದು ಕೇಳ್ರೋ."

ಕಣ್ಣು ಬಿಟ್ಟರೆ ಬಲಗಡೆಯ ಗೋಡೆ ಖಾಲಿಯಾಗಿತ್ತು. ಹೊಸಬರೆಲ್ಲ ನಡುವೆ ನಿಂತು, ಹಾಡು ಕುಸಿದಲ್ಲಿ ತಾವೂ ಕುಸಿಯುತ್ತ, ಅದಕ್ಕೊಂದು ಹೆಜ್ಜೆ ಆಗಲೇ ಕಂಡುಕೊಂಡಿದ್ದರು. ಅವರ ನಡುವೆ ದಾರಿ ಮಾಡಿಕೊಂಡು ಲೊರೇನ್ ಎದ್ದು ಬರುತ್ತಿದ್ದಳು. ಹೊಡೆಯುತ್ತಾಳೆ ಎಂದು ನೀಲಕಂಠಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಅವಳು ಅವನವರೆಗೆ ಬರಲಿಲ್ಲ. ಹಾಲಿನ ನಟ್ಟನಡುವೆ ನಿಂತು, ಒಂದು ಕೈಯನ್ನು ಯಾರದೋ ಹೆಗಲ ಮೇಲೆ ಇಡುವಂತೆ ಎತ್ತಿ, ಕುಣಿಯತೊಡಗಿದಳು. ಹಾಡು ಎಲ್ಲಿ ಬೀಳುತ್ತದೆಂದು ಅವಳ ಕಾಲಿಗೆ ಮೊದಲೇ ಗೊತ್ತಿದ್ದಂತಿತ್ತು. ಸರಿಯಾಗಿ ಅಲ್ಲಿ ಅವಳ ಮೊಣಕಾಲು ಬಾಗುತ್ತಿತ್ತು, ನೋವಿನ ಸುಳಿವೇ ಇರಲಿಲ್ಲ. ಎಡಗಡೆಯ ಹಿರಿಯರೂ ಮರೆತದ್ದೇನೋ ನೆನಪಾದವರಂತೆ ಒಬ್ಬೊಬ್ಬರಾಗಿ ಎದ್ದು ಬಂದರು.

ಹಾಡು ಮುಗಿದ ಮೇಲೆ ಅವಳು ಕಣ್ಣೊರೆಸಿಕೊಂಡು ನೀಲಕಂಠಪ್ಪನ ಎರಡೂ ಕೈ ಹಿಡಿದಳು.

"ಅರವತ್ತಾರರಲ್ಲಿ ಎಲ್ವುಡ್ ಈ ರೆಕಾರ್ಡನ್ನ ಕಾರಿನ ಹಿಂದಿನ ಗಾಜಿನ ಹತ್ರ ಇಟ್ಟು ಮರೆತು, ಇಡೀ ದಿನ ಬೀಚಿನಲ್ಲಿ ಮಲಗಿದ್ದ. ಬಿಸಿಲಿಗೆ ಡೊಂಕಾಯ್ತು. ಅವತ್ತಿಂದ ನಾವು ಕುಣಿದದ್ದು ಆ ಡೊಂಕು ಹಾಡಿಗೇ. ಹೋದ ವರ್ಷ ಮನೆ ಬದಲಾಯಿಸುವಾಗ ಅದು ಒಡೆದು ಹೋಯ್ತು. ಅಂಗಡಿಯಿಂದ ಇನ್ನೊಂದು ತಂದೆ. ಹಾಡು ಅದೇ, ಆದರೆ ಅದರಲ್ಲಿ ಅವನಿರಲಿಲ್ಲ, ಕಾಲೇ ಏಳುತ್ತಿರಲಿಲ್ಲ. ಇವತ್ತು ನೀನು ಅವನನ್ನ ವಾಪಸ್ ತಂದೆ. ನಿನಗೆ ಹೇಗೆ ಗೊತ್ತಾಯ್ತು, ನೀಲ್?"

ನೀಲಕಂಠಪ್ಪನ ಎದೆಯ ಮೇಲಿನ ರುಬ್ಬುಗುಂಡು ಇಳಿದಂತಾಯಿತು. ಈಗಲಾದರೂ ನಿಜ ಹೇಳಿಬಿಡಬೇಕೆಂದು, "ಅದು ಏನಾಯ್ತಂದ್ರೆ, ನನ್ನ ಹೆಂಡತಿ..." ಎಂದು ತೊಡಗಿದ.

"ಅದು ನಮ್ಮ ದೇಶದ ವಿದ್ಯೆ ಮೇಡಂ," ಎಂದು ಡಾಕ್ಟರ್ ವರದರಾಜ ನಡುವೆ ನುಗ್ಗಿದರು. "ಮೊದಲು ಅಂಟುವಾಳದ ಸ್ನಾನ, ಆಮೇಲೆ ಸೂರ್ಯನ ಚಿಕಿತ್ಸೆ, ಕೊನೆಗೆ ಕಲ್ಲಿನ ಪ್ರೆಸ್ಸು. ಯಾವ ರೆಕಾರ್ಡಿಗೆ ಬೇಕಾದ್ರೂ ಮಾಡ್ತಾರೆ ಇವರು."

ಆ ಕೊನೆಯ ವಾಕ್ಯವೊಂದನ್ನು ಅವರು ಆಡದಿದ್ದರೆ ನಮ್ಮ ಕತೆ ಇಲ್ಲಿಗೆ ಸುಖವಾಗಿ ಮುಗಿಯುತ್ತಿತ್ತು. ಹಿರಿಯರಿಗೆಲ್ಲ ಒಮ್ಮೆಲೇ ತಮ್ಮ ತಮ್ಮ ಹಳೆಯ ಕಾರು, ಬೀಚು, ಡೊಂಕು ರೆಕಾರ್ಡು ನೆನಪಾದವು. ಡ್ವೇನನಿಗೆ ಊರಿನಲ್ಲಿ ಯಾರ ಹತ್ತಿರವೂ ಇಲ್ಲದ ಹೊಸ ಸೌಂಡು ಸಿಕ್ಕಿತ್ತು. ಬೇರೆ ಹಾಲಿನ ಮಾತನ್ನು ಅವನು ಮರೆತೇಬಿಟ್ಟ. ಮುಂದಿನ ತಿಂಗಳು ಪೂರ್ತಿ ಇಂಥ ಹಾಡುಗಳೇ ಎಂದು ಎರಡೂ ಗೋಡೆಯವರು ಮೊದಲ ಸಲ ಒಪ್ಪಿದರು. ಒಪ್ಪಿದವರೇ ಹೋಗಿ ತಮ್ಮ ತಮ್ಮ ರೆಕಾರ್ಡಿನ ಪೆಟ್ಟಿಗೆ ತಂದು ನೀಲಕಂಠಪ್ಪನ ಕಾರಿನ ಡಿಕ್ಕಿಯಲ್ಲಿ ಇಟ್ಟರು. ಎಂಬತ್ತಾರು ರೆಕಾರ್ಡು. ಒಂದಕ್ಕಿಂತ ಒಂದು ಚೆನ್ನಾಗಿದ್ದವು, ಗೀರಿಲ್ಲ, ಕಲೆಯಿಲ್ಲ, ಕನ್ನಡಿಯಂತೆ ಸಪಾಟು. ಹೆಬ್ಬೆರಳಿನ ಗುರುತು ಕಂಡರೂ ಊಟ ಬಿಡುವ ಮನುಷ್ಯ ಈಗ ಅವನ್ನೆಲ್ಲ ತನ್ನ ಕೈಯಾರೆ ಡೊಂಕು ಮಾಡಬೇಕಿತ್ತು.

ಭಾರ ಹೊತ್ತ ಕಾರು ಮನೆಯ ಕಡೆ ಹೊರಟಿತು.

"ಆಕಿ ಕುಣಿಯೋದು ನೋಡಿದ್ರೇನ್ರಿ?" ಎಂದಳು ಪ್ರೇಮವ್ವ.

"ನೋಡ್ದೆ," ಎಂದ ನೀಲಕಂಠಪ್ಪ. ಅದನ್ನು ನೆನೆದರೆ ಅವನಿಗೆ ನಿಜವಾಗಿಯೂ ಹಿತವೆನಿಸುತ್ತಿತ್ತು. ಡಿಕ್ಕಿಯನ್ನು ನೆನೆದರೆ ಮಾತ್ರ ಮತ್ತೆ ಹುಲ್ಲಿನ ಮೇಲೆ ಕೂತುಬಿಡಬೇಕೆನಿಸುತ್ತಿತ್ತು.

"ಚಿಂತಿ ಬ್ಯಾಡ. ಸೀರಿ ಒಂದ ಸಾಲೂದಿಲ್ಲ, ನಾಕು ಹಾಸೋಣಂತ. ನಿಮ್ಮ ಪ್ಲೇಟ್ ಒಂದು ಕಡಿ, ನನ್ನ ಸಂಡಿಗಿ ಒಂದು ಕಡಿ. ಬಿಸಿಲಿಗೇನು ಬರ ಇಲ್ಲಿ?"

ನೀಲಕಂಠಪ್ಪ ಮನಸ್ಸು ಬೇರೆಡೆ ಹರಿಯಲೆಂದು ರೇಡಿಯೋ ಹಾಕಿದ. ಹವಾಮಾನ ಹೇಳುವವನು ಬಹಳ ಉತ್ಸಾಹದಲ್ಲಿದ್ದ: ನಾಳೆಯಿಂದಲೇ ಸಮುದ್ರದ ಮೋಡ ಒಳನಾಡಿನವರೆಗೆ ನುಗ್ಗಲಿದೆ, ಜೂನ್ ಮುಗಿಯುವತನಕ ಸೂರ್ಯನ ಮುಖ ಕಾಣುವುದು ಅಪರೂಪ.

ಹೋಗುವಾಗ ಬೈದದ್ದು ಸೂರ್ಯನಿಗೆ ಕೇಳಿಸಿರಬೇಕು. ನೀಲಕಂಠಪ್ಪ ರೇಡಿಯೋ ಆರಿಸಿದ.

"ಯೋಚನೆ ಯಾಕ್ರೀ?" ಎಂದರು ಹಿಂದಿನ ಸೀಟಿನಿಂದ ಡಾಕ್ಟರ್ ವರದರಾಜ, ತೋಳು ಮಡಚಿಕೊಳ್ಳುತ್ತ. "ಓವನ್ ಇದೆ, ಗುಂಡುಕಲ್ಲಿದೆ. ದಿನಾ ಸಾಯಂಕಾಲ ನಾನೂ ಬರ್ತೀನಲ್ಲ."