ನನ್ನನ್ನು ಹೊತ್ತು ಓಡಿದ ಅಕ್ಕ

ಇಪ್ಪತ್ತು ವರ್ಷದ, ಮೀಸೆ ಬಂದ ಗಂಡಸನ್ನು ಅವನ ಸ್ವಂತ ಅಕ್ಕ ಜೋಳದ ಚೀಲದ ಹಾಗೆ ಹೆಗಲಿಗೆ ಹಾಕಿಕೊಂಡು ಹಾಡುಹಗಲೇ ಓಡಿದ್ದನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಮ್ಮೂರು ಶಲವಡಿಯ ಮಂದಿ ಕಂಡಿದ್ದಾರೆ. ಹೆಗಲ ಮೇಲಿದ್ದ ಚೀಲ ನಾನೇ!

ಎಪ್ಪತ್ತರ ದಶಕದ ಮಾತು. ಒಂದು ಬ್ಯಾಸಗಿಯಲ್ಲಿ ನಮ್ಮ ಓಣಿಯ ಬಣವಿಗೆ ಬೆಂಕಿ ಬಿತ್ತು. ಹುಬ್ಬಳ್ಳಿಯಿಂದ ಬೆಂಕಿ ಆರಿಸುವ ಕೆಂಪು ಗಾಡಿ ಬರುವಷ್ಟರಲ್ಲಿ ಬಣವಿ ಬೂದಿಯಾಗಿ, ಬಾಜೂಮನೆಯ ಮಾಳಿಗೆಯ ಮೇಲೊಬ್ಬ ಮುದುಕಿ ಹೊಗೆಯಲ್ಲಿ ಸಿಕ್ಕಿಕೊಂಡಿದ್ದಳು. ಗಾಡಿಯ ಜವಾನನೊಬ್ಬ ಏಣಿ ಹತ್ತಿ, ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಇಳಿದ. ಊರೆಲ್ಲ ಮುದುಕಿಯನ್ನು ನೋಡಲು ಓಡಿತು. ಅಕ್ಕ ಮಾತ್ರ ಜವಾನನ ಕಾಲುಗಳನ್ನೇ ನೋಡುತ್ತ ನಿಂತಿದ್ದಳು.

"ಅವ ಹೆಜ್ಜಿ ಹ್ಯಾಂಗ ಇಟ್ಟ, ನೋಡಿದ್ಯೇನಲೇ?"

ಅಷ್ಟೇ. ಆಮೇಲೆ ಎರಡು ದಿನ ಅವಳು ಬಾಯಿ ಬಿಡಲಿಲ್ಲ. ನಮ್ಮ ಮನೆಯ ಮಟ್ಟಿಗೆ ಬೆಂಕಿಗಿಂತ ದೊಡ್ಡ ಘಟನೆ ಅದು!

ಕೆಲವು ತಿಂಗಳಿಗೆ ಅಗ್ನಿಶಾಮಕ ದಳಕ್ಕೆ ಜನ ಬೇಕೆಂದು ಪೇಪರಿನಲ್ಲಿ ಬಂತು. ನಾನು ಓದಿ ಹೇಳಿದೆ. ಅವಳು ಮೂರು ಸಲ ಓದಿಸಿದಳು.

"ಹೆಣ್ಮಕ್ಕಳು ಬರಬಾರದು ಅಂತ ಐತೇನು?"

"ಗಂಡಸರು ಅಂತ ಐತಿ, ಅಕ್ಕ."

ಸ್ವಲ್ಪ ಹೊತ್ತು ಹಿಟ್ಟು ನಾದಿದಳು. "ಹಂಗಾರ ನೀ ಹೋಗು."

ನನ್ನನ್ನು ಯಾರು ಕೇಳಿದರು? ಯಾರೂ ಇಲ್ಲ! ಮರುದಿನದಿಂದ ಬೇವಿನ ಗಿಡಕ್ಕೆ ಬಾವಿಯ ಹಗ್ಗ ಬಿತ್ತು. ಅದನ್ನು ಹತ್ತುವುದು, ಇಳಿಯುವುದು, ಅಂಗೈ ಸುಲಿದರೆ ಅರಿಷಿಣ. ಎದೆ ಉಬ್ಬಿಸುವುದೂ ಒಂದು ಪರೀಕ್ಷೆಯಂತೆ. ದರ್ಜಿಯ ಟೇಪು ತಂದು ನನ್ನ ಎದೆಗೆ ಸುತ್ತಿ, "ಉಸರು ಎಳಿ! ಬಿಡಬ್ಯಾಡ!" ಅಂದಳು. ಅಷ್ಟರಲ್ಲಿ ಒಳಗೆ ರೊಟ್ಟಿ ಸೀದ ವಾಸನೆ. ಓಡಿದವಳು ನನ್ನನ್ನು ಮರೆತೇಬಿಟ್ಟಳು. ಅವ್ವ ಬಂದು, "ಯಾಕೋ, ಕಣ್ಣ್ಯಾಕ ಹಂಗ ಮಾಡೀದಿ?" ಎಂದು ಬೆನ್ನಿಗೆ ಬಡಿದ ಮೇಲೆ ನನಗೆ ಉಸಿರು ಬಂತು.

ಎಲ್ಲಕ್ಕಿಂತ ಕಠಿಣವಾದದ್ದು ಮನುಷ್ಯನನ್ನು ಹೊರುವ ಪರೀಕ್ಷೆ. ನಮ್ಮಷ್ಟೇ ತೂಕದವನನ್ನು ಹೆಗಲ ಮೇಲೆ ಹಾಕಿಕೊಂಡು ನೂರು ಗಜವನ್ನು ಒಂದು ನಿಮಿಷದೊಳಗೆ ಓಡಬೇಕು. ಮನೆಯಲ್ಲಿ ಗಡಿಯಾರ ಇರಲಿಲ್ಲ. ಅಕ್ಕ ಬಾಯಲ್ಲೇ ಎಣಿಸುವಳು. ಸಿಟ್ಟಿಗೆ ಬಂದಳೆಂದರೆ ಮೂವತ್ತರ ಮುಂದೆ ನೇರ ಐವತ್ತು! "ಹಿಂಗಲ್ಲಲೇ, ಹಿಂಗ!" ಎನ್ನುತ್ತ ಕಚ್ಚೆ ಬಿಗಿದು, ನನ್ನನ್ನೇ ಎತ್ತಿಕೊಂಡು ಹೊಲದ ದಾರಿ ಹಿಡಿಯುವಳು. ಅವಳ ಹೆಗಲ ಮೇಲಿಂದ ನಾನು ಕಂಡಷ್ಟು ಎರೆಮಣ್ಣನ್ನು ಎತ್ತುಗಳೂ ಕಂಡಿರಲಿಕ್ಕಿಲ್ಲ.

ಹೀಗೆ ಓಡುವಾಗಲೇ ಒಂದು ದಿನ ಗುಡಗೇರಿಯಿಂದ ಅವಳನ್ನು ನೋಡಲು ಬಂದ ಬೀಗರ ಚಕ್ಕಡಿ ಎದುರಾಯಿತು. ಹಿರಿಯರೊಬ್ಬರು ನಮ್ಮ ಅಪ್ಪನ ಮನೆ ಕೇಳಿ, ತಡವರಿಸುತ್ತ ಅಂದರು: "ಅವರ ಮನಿ ಕನ್ಯಾ ನೋಡಾಕ ಬಂದೇವಿ."

ತಲೆಕೆಳಗಾಗಿದ್ದರೂ ಮರ್ಯಾದೆ ಬಿಡಬಾರದಲ್ಲ! "ಕೆಳಗ ನಿಂತಾಳಲ್ರಿ, ಈಕೀನ ರೀ!" ಅಂದೆ.

ಚಕ್ಕಡಿ ಅಲ್ಲಿಂದಲೇ ತಿರುಗಿತು. ಅಕ್ಕ ಅದು ಮರೆಯಾಗುವ ತನಕ ನೋಡಿ, "ಸುಮ್ಮನ ನಡುವ ನಿಲ್ಲಿಸಿದ್ರು. ಮತ್ತ ಮೊದಲಿಂದ ಓಡಬೇಕು" ಎಂದಳು.

ಪರೀಕ್ಷೆ ಹುಬ್ಬಳ್ಳಿಯ ಮೈದಾನದಲ್ಲಿ. ಬುತ್ತಿ ಹಿಡಿದು ಅಕ್ಕನೂ ಬಂದಳು. ಹಗ್ಗ ಹತ್ತಿದೆ, ಎದೆ ಉಬ್ಬಿಸಿದೆ. ಹೊರುವಾಗ ಮಾತ್ರ ಹೆಗಲ ಮೇಲಿನವನು ಜಾರುತ್ತಲೇ ಇದ್ದ. ಸಾಹೇಬರು ಗಡಿಯಾರ ನೋಡಿ, "ಅರವತ್ತಾರು ಸೆಕೆಂಡು. ಮುಂದಿನ ಸಲ ಬಾರಪ್ಪಾ" ಅಂದರು.

ಬುತ್ತಿಯ ಗಂಟು ನೆಲಕ್ಕೆ ಬಿದ್ದ ಸಪ್ಪಳ ಕೇಳಿತು. ಬೇಲಿ ದಾಟಿ ಬಂದ ಅಕ್ಕ ಯಾರನ್ನೂ ಕೇಳಲಿಲ್ಲ. "ಎಷ್ಟು ಸಲ ಹೇಳೀನಿ ನಿನಗ! ಹಿಂಗ!" ಎಂದು ನನ್ನನ್ನು ಎತ್ತಿಕೊಂಡು ಸುಣ್ಣದ ಗೆರೆಯಿಂದ ಓಟ ಕಿತ್ತಳು. ಮೊದಲು ಮಂದಿ ನಕ್ಕರು. ಅರ್ಧ ದಾರಿಗೆ ನಗು ನಿಂತಿತು. ಆ ಕಡೆಯ ಗೆರೆಯಾಚೆ ನನ್ನನ್ನು ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು: "ಎಷ್ಟಾತ್ರಿ?"

ಸಾಹೇಬರು ಗಡಿಯಾರವನ್ನು ಒಮ್ಮೆ, ಅವಳನ್ನು ಒಮ್ಮೆ ನೋಡಿದರು. "ಐವತ್ತೆರಡು."

"ಬರಕೋರಿ ಮತ್ತ."

"ಹೆಣ್ಮಕ್ಕಳ ಹೆಸರು ಬರಿಯಾಕ ಬರೂದಿಲ್ಲವ್ವಾ."

"ಹಂಗಾರ ಇವನ ಹೆಸರಿಗೆ ಹಾಕ್ರಿ!"

ಮೈದಾನ ಮತ್ತೆ ನಕ್ಕಿತು. ಸಾಹೇಬರು ನಗಲಿಲ್ಲ. "ಹಂಗ ಆಗೂದಿಲ್ಲ ತಂಗಿ. ಅದು ನಿಂದು" ಎಂದು ಪೆನ್ನಿನ ಟೊಪ್ಪಿಗೆ ಮುಚ್ಚಿದರು.

ಮುಂದಿನ ವರ್ಷ ನಾನು ಪಾಸಾದೆ, ಕೆಂಪು ಗಾಡಿಯಲ್ಲೇ ಜೀವಮಾನ ಕಳೆದೆ. ಆದರೆ ಆ ದಿನ ಊರಿಗೆ ಮರಳುವಾಗ ಅಣ್ಣಿಗೇರಿಯ ಬಸ್ಸಿನಲ್ಲಿ ಬೈಗುಳಕ್ಕೆ ತಯಾರಾಗಿ ಮುದುಡಿ ಕೂತಿದ್ದೆ. ಅಕ್ಕ ಬೈಯಲಿಲ್ಲ. ಕಿಟಕಿಯಾಚೆ ಓಡುವ ಹೊಲಗಳನ್ನು ನೋಡುತ್ತಿದ್ದಳು. ಮುಖ ತಿರುಗಿಸದೆ ಕೇಳಿದಳು:

"ತಮ್ಮಾ, ಸಾಹೇಬ್ರು ಖರೇನ ಐವತ್ತೆರಡು ಅಂದ್ರೇನು?"

"ಹೌದಕ್ಕ, ಐವತ್ತೆರಡು."

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕೇಳಿದಳು. ಮತ್ತೆ ಹೇಳಿದೆ. ಅಣ್ಣಿಗೇರಿ ಬರುವ ತನಕ ಅವಳು ಕೇಳುತ್ತಲೇ ಇದ್ದಳು, ನಾನು ಹೇಳುತ್ತಲೇ ಇದ್ದೆ.